ಪರಭಕ್ಷಕ ಕೀಟಗಳ ಮೇಲೆ ಕೀಟನಾಶಕಗಳ ಪರಿಣಾಮ

ಬೆಳೆಗಳ ಪೀಡೆಗಳನ್ನು ಕೊಲ್ಲಲು ಬಳಸುವ ಕೀಟನಾಶಕಗಳು ಅದೇ ಪೀಡೆಗಳನ್ನು ತಿಂದು ಬದುಕುವ ಪರಭಕ್ಷಕ ಕೀಟಗಳನ್ನೂ ಕೊಲ್ಲುತ್ತವೆ ಅಥವಾ ದುರ್ಬಲಗೊಳಿಸುತ್ತವೆ. ಈ ಹಾನಿ ಉಪಕಾರಿ ಕೀಟಗಳ ನಷ್ಟಕ್ಕೆ ಸೀಮಿತವಾಗುವುದಿಲ್ಲ. ಶತ್ರುವಿಲ್ಲದ ಹೊಲದಲ್ಲಿ ಪೀಡೆಗಳು ಮೊದಲಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಮರಳಿ ಬರಬಹುದು. ಇದನ್ನು ಕೃಷಿ ಕೀಟಶಾಸ್ತ್ರದಲ್ಲಿ ಪೀಡೆಯ ಮರುಕಳಿಕೆ ಎನ್ನುತ್ತಾರೆ. ಅದುವರೆಗೆ ಗಮನಕ್ಕೆ ಬಾರದಷ್ಟು ಕಡಿಮೆ ಇದ್ದ ಬೇರೊಂದು ಕೀಟ ಹೊಸ ಪೀಡೆಯಾಗಿ ಏಳುವುದೂ ಉಂಟು. ಇದಕ್ಕೆ ದ್ವಿತೀಯಕ ಪೀಡೆಯ ಉಲ್ಬಣ ಎಂದು ಹೆಸರು. ಎರಡೂ ಸಂದರ್ಭಗಳಲ್ಲಿ ರೈತನು ಬೆಳೆ ಉಳಿಸಲು ಮಾಡಿದ ಖರ್ಚೇ ಬೆಳೆಯ ನಷ್ಟಕ್ಕೆ ಕಾರಣವಾಗುತ್ತದೆ.

ಪರಭಕ್ಷಕ ಕೀಟಗಳು

ತನ್ನ ಜೀವಿತಾವಧಿಯಲ್ಲಿ ಅನೇಕ ಬೇಟೆ ಜೀವಿಗಳನ್ನು ಕೊಂದು ತಿನ್ನುವ ಕೀಟವನ್ನು ಪರಭಕ್ಷಕ ಕೀಟ ಎಂದು ಕರೆಯಲಾಗುತ್ತದೆ. ಗುಲಗಂಜಿ ಹುಳುಗಳು, ಕ್ರೈಸೋಪ ಮುಂತಾದ ಜಾಲರೆಕ್ಕೆಯ ಕೀಟಗಳು, ಸಿರ್ಫಿಡ್ ನೊಣದ ಮರಿಗಳು, ಪರಭಕ್ಷಕ ತಿಗಣೆಗಳು, ನೆಲದ ಮೇಲೆ ಓಡಾಡುವ ಕ್ಯಾರಬಿಡ್ ದುಂಬಿಗಳು, ಸೂರ್ಯನ ಕುದುರೆ ಮತ್ತು ಏರೋಪ್ಲೇನ್ ಚಿಟ್ಟೆ ಇವುಗಳಲ್ಲಿ ಮುಖ್ಯವಾದವು. ಪರತಂತ್ರ ಜೀವಿಗಳು ಇವುಗಳಿಂದ ಭಿನ್ನ. ಟ್ರೈಕೋಗ್ರಾಮದಂತಹ ಪರತಂತ್ರ ಕಣಜದ ಮರಿಯು ಒಂದೇ ಆಶ್ರಯದಾತ ಕೀಟದಲ್ಲಿ ಬೆಳೆದು ಅದನ್ನು ಕೊಲ್ಲುತ್ತದೆ. ಜೇಡಗಳು ಮತ್ತು ಪರಭಕ್ಷಕ ನುಸಿಗಳು ಪ್ರಾಣಿಶಾಸ್ತ್ರದ ಪ್ರಕಾರ ಕೀಟಗಳಲ್ಲ. ಆದರೆ ಹೊಲದಲ್ಲಿ ಇವೆಲ್ಲವೂ ಒಟ್ಟಾಗಿ ಕೆಲಸ ಮಾಡುವುದರಿಂದ ಕೀಟನಾಶಕಗಳ ಪರಿಣಾಮವನ್ನು ಚರ್ಚಿಸುವಾಗ ಅವನ್ನು ಬಿಟ್ಟು ಮಾತನಾಡುವುದು ಕಷ್ಟ.

ಹಾನಿಯ ಬಗೆಗಳು

ಸಿಂಪಡಿಸಿದ ಹನಿ ಮೈಮೇಲೆ ಬಿದ್ದು ಕೀಟ ಸಾಯುವುದು ನೇರ ಹಾನಿ. ಇದು ಕಣ್ಣಿಗೆ ಕಾಣುತ್ತದೆ. ಎಲೆಯ ಮೇಲೆ ಒಣಗಿ ಉಳಿದ ಶೇಷದ ಮೇಲೆ ನಡೆದಾಡಿ ಸಾಯುವುದು ಅಷ್ಟಾಗಿ ಕಾಣುವುದಿಲ್ಲ. ಬೇಟೆಗಾಗಿ ಎಲೆಯಿಂದ ಎಲೆಗೆ, ಗಿಡದಿಂದ ಗಿಡಕ್ಕೆ ಸದಾ ಅಲೆಯುವ ಗುಲಗಂಜಿ ಹುಳುವಿನ ಮರಿಯು, ಒಂದೇ ಕಡೆ ಸೊಂಡಿಲು ಚುಚ್ಚಿ ಕುಳಿತ ಸಸ್ಯಹೇನಿಗಿಂತ ಹೆಚ್ಚಿನ ಶೇಷವನ್ನು ಕಾಲುಗಳಿಗೆ ಅಂಟಿಸಿಕೊಳ್ಳುತ್ತದೆ. ವಿಷ ಹೀರಿದ ಪೀಡೆಯನ್ನು ತಿನ್ನುವುದರಿಂದ ಆಗುವ ಹಾನಿ ಮೂರನೆಯದು.

ಸಾವಿಗೆ ಕಾರಣವಾಗದ ಅಲ್ಪ ಪ್ರಮಾಣದ ವಿಷವೂ ಕೀಟದ ನಡವಳಿಕೆಯನ್ನು ಕೆಡಿಸಬಲ್ಲದು. ಬೇಟೆಯನ್ನು ಹುಡುಕುವ ಸಾಮರ್ಥ್ಯ ಕುಗ್ಗುವುದು, ತಿನ್ನುವ ಪ್ರಮಾಣ ಇಳಿಯುವುದು, ಇಡುವ ಮೊಟ್ಟೆಗಳು ಕಡಿಮೆಯಾಗುವುದು ಅಥವಾ ಮೊಟ್ಟೆಗಳು ಒಡೆಯದೇ ಹೋಗುವುದು ಇಂತಹ ಪರಿಣಾಮಗಳು. ಕೀಟ ಜೀವಂತವಾಗಿಯೇ ಕಾಣುವುದರಿಂದ ಹೊಲದಲ್ಲಿ ಎಣಿಕೆ ಮಾಡಿದಾಗ ಇವು ಲೆಕ್ಕಕ್ಕೆ ಸಿಗುವುದಿಲ್ಲ.

ಹಸಿವು ಮತ್ತೊಂದು ಕಾರಣ. ಸಿಂಪಡಣೆಯ ನಂತರ ಬದುಕುಳಿದ ಪರಭಕ್ಷಕಕ್ಕೆ ಆಹಾರವಿರುವುದಿಲ್ಲ. ಅದು ಸಾಯುತ್ತದೆ ಅಥವಾ ಹೊಲ ಬಿಟ್ಟು ಹೋಗುತ್ತದೆ. ಆದರೆ ಬದುಕುಳಿದ ಪೀಡೆಗೆ ಇಡೀ ಬೆಳೆಯೇ ಆಹಾರ. ಸಸ್ಯಹೇನುಗಳಲ್ಲಿ ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆಯೇ ಮರಿ ಹಾಕುತ್ತವೆ, ಆ ಮರಿಗಳು ವಾರ ಹತ್ತು ದಿನಗಳಲ್ಲಿ ತಾವೂ ಮರಿ ಹಾಕುತ್ತವೆ. ಪರಭಕ್ಷಕದ ಒಂದು ಪೀಳಿಗೆಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕಾಲ ಬೇಕು. ಹೀಗಾಗಿ ಸಿಂಪಡಣೆಯು ಎರಡೂ ಗುಂಪುಗಳನ್ನು ಸಮಪ್ರಮಾಣದಲ್ಲಿ ಕೊಂದರೂ ಮುಂದಿನ ಓಟದಲ್ಲಿ ಪೀಡೆಯೇ ಮುಂದಿರುತ್ತದೆ.

ಎಲ್ಲ ಪರಭಕ್ಷಕಗಳೂ ಎಲ್ಲ ವಿಷಗಳಿಗೆ ಸಮಾನವಾಗಿ ಬಲಿಯಾಗುವುದಿಲ್ಲ. ಜಾಲರೆಕ್ಕೆಯ ಕೀಟವಾದ ಕ್ರೈಸೋಪದ ಮರಿಗಳು ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ವಿಷಗಳನ್ನು ತಮ್ಮ ದೇಹದ ಕಿಣ್ವಗಳಿಂದ ಒಡೆದು ನಿರುಪದ್ರವಗೊಳಿಸಬಲ್ಲವು. ಇದೇ ಪೈರೆಥ್ರಾಯ್ಡ್‌ಗಳು ಪರಭಕ್ಷಕ ನುಸಿಗಳಿಗೆ ಮಾರಕ. ಹಣ್ಣಿನ ತೋಟಗಳಲ್ಲಿ ಮತ್ತು ಹತ್ತಿಯಲ್ಲಿ ಇವುಗಳನ್ನು ಪದೇಪದೇ ಬಳಸಿದ ಮೇಲೆ ಕೆಂಪು ನುಸಿ ಹೆಚ್ಚುವುದಕ್ಕೆ ಇದು ಒಂದು ಕಾರಣ.

ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು

ಈ ವಿಷಯದ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಕೀಟ ವಿಡಾಲಿಯಾ ದುಂಬಿ. ಇದರ ವೈಜ್ಞಾನಿಕ ಹೆಸರು ರೊಡೋಲಿಯ ಕಾರ್ಡಿನಾಲಿಸ್. ಆಸ್ಟ್ರೇಲಿಯಾ ಮೂಲದ ಈ ಕೆಂಪು ಕಪ್ಪು ಬಣ್ಣದ ಗುಲಗಂಜಿ ಹುಳುವನ್ನು, ಕಿತ್ತಳೆ ಜಾತಿಯ ತೋಟಗಳನ್ನು ನಾಶ ಮಾಡುತ್ತಿದ್ದ ಐಸೀರಿಯ ಪರ್ಚೇಸಿ ಎಂಬ ಶಲ್ಕಕೀಟದ ವಿರುದ್ಧ ಕ್ಯಾಲಿಫೋರ್ನಿಯಾಕ್ಕೆ ತರಲಾಯಿತು. ಕೀಟಶಾಸ್ತ್ರಜ್ಞ ಆಲ್ಬರ್ಟ್ ಕೋಬೆಲೆ 1888ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿಂದ ದುಂಬಿಗಳನ್ನು ಹಡಗಿನಲ್ಲಿ ಕಳುಹಿಸಿದನು. ಬಂದ ದುಂಬಿಗಳ ಸಂಖ್ಯೆ ಕೆಲವು ನೂರನ್ನು ಮೀರಿರಲಿಲ್ಲ. ಆದರೂ ಒಂದೆರಡು ವರ್ಷಗಳಲ್ಲಿ ಪೀಡೆ ಹತೋಟಿಗೆ ಬಂದಿತು. ಆಧುನಿಕ ಜೈವಿಕ ನಿಯಂತ್ರಣದ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸಲಾಗುತ್ತದೆ. ಇದೇ ದುಂಬಿಯನ್ನು 1929ರ ಸುಮಾರಿಗೆ ನೀಲಗಿರಿಗೂ ತಂದು ಬಿಡಲಾಯಿತು.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಕೃಷಿಗೆ ಬಂದಿತು. 1940ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ತೋಟಗಳಲ್ಲಿ ಬೇರೆ ಪೀಡೆಗಳ ವಿರುದ್ಧ ಅದನ್ನು ಸಿಂಪಡಿಸಿದಾಗ, ಅರ್ಧ ಶತಮಾನದಿಂದ ಅಡಗಿದ್ದ ಐಸೀರಿಯ ಮತ್ತೆ ಮರಗಳನ್ನು ಬಿಳಿಯಾಗಿ ಮುಚ್ಚಿತು. ಮೇಣದ ಹೊದಿಕೆಯಡಿ ಇದ್ದ ಶಲ್ಕಕೀಟಕ್ಕೆ ಡಿಡಿಟಿಯಿಂದ ಹೆಚ್ಚಿನ ತೊಂದರೆಯಾಗಿರಲಿಲ್ಲ. ಅದನ್ನು ತಿನ್ನುತ್ತಿದ್ದ ದುಂಬಿ ಮಾತ್ರ ತೋಟಗಳಿಂದ ಕಣ್ಮರೆಯಾಗಿತ್ತು. ಡಿಡಿಟಿ ಬಳಕೆಯನ್ನು ನಿಲ್ಲಿಸಿ ದುಂಬಿಗಳನ್ನು ಮತ್ತೆ ತಂದು ಬಿಟ್ಟ ಮೇಲೆ ಪೀಡೆ ಇಳಿಯಿತು.

ಇದೇ ಕಣಿವೆಯಲ್ಲಿ, ಇದೇ ದುಂಬಿಗೆ, ಸುಮಾರು ಐವತ್ತು ವರ್ಷಗಳ ನಂತರ ಇಂತಹುದೇ ಸಂಗತಿ ನಡೆಯಿತು. 1990ರ ದಶಕದ ಕೊನೆಯಲ್ಲಿ ಪೈರಿಪ್ರಾಕ್ಸಿಫೆನ್ ಎಂಬ ಕೀಟ ಬೆಳವಣಿಗೆ ನಿಯಂತ್ರಕ ಬಳಕೆಗೆ ಬಂದಿತು. ಇಂತಹ ನಿಯಂತ್ರಕಗಳು ಪ್ರೌಢ ಕೀಟಗಳನ್ನು ಕೊಲ್ಲುವುದಿಲ್ಲವಾದ್ದರಿಂದ ಮತ್ತು ಮನುಷ್ಯರಿಗೆ ಅಪಾಯ ಕಡಿಮೆ ಇರುವುದರಿಂದ ಇವನ್ನು ಸೌಮ್ಯ ರಾಸಾಯನಿಕಗಳೆಂದು ಪರಿಗಣಿಸಲಾಗುತ್ತಿತ್ತು. ಆದರೆ ಇವು ದುಂಬಿಯ ಮೊಟ್ಟೆ ಒಡೆಯುವುದನ್ನೂ, ಮರಿಯು ಕೋಶಾವಸ್ಥೆ ದಾಟಿ ಪ್ರೌಢವಾಗುವುದನ್ನೂ ತಡೆದವು. ಐಸೀರಿಯ ಮತ್ತೆ ಹೆಚ್ಚಿತು. ದಕ್ಷಿಣ ಆಫ್ರಿಕಾದ ತೋಟಗಳಲ್ಲಿಯೂ ಇದೇ ಗುಂಪಿನ ರಾಸಾಯನಿಕಗಳ ಬಳಕೆಯ ಹಿಂದೆಯೇ ಇಂತಹ ಅನುಭವವಾಗಿತ್ತು. ಹೊಸ ರಾಸಾಯನಿಕವು ಹಳೆಯದಕ್ಕಿಂತ ಸುರಕ್ಷಿತ ಎಂಬ ಮಾತು ಯಾವ ಜೀವಿಗೆ ಸುರಕ್ಷಿತ ಎಂಬ ಪ್ರಶ್ನೆಗೆ ಉತ್ತರವಾಗುವುದಿಲ್ಲ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಭತ್ತದ ಗದ್ದೆ ಮತ್ತು ಕಂದು ಜಿಗಿಹುಳು

ಏಷ್ಯಾದ ಭತ್ತದ ಗದ್ದೆಗಳಲ್ಲಿ ನಡೆದದ್ದು ಇದಕ್ಕಿಂತ ಬಹಳ ದೊಡ್ಡ ಪ್ರಮಾಣದ್ದು, ಏಕೆಂದರೆ ಇಲ್ಲಿ ಕೋಟ್ಯಂತರ ಜನರ ಅನ್ನದ ಪ್ರಶ್ನೆಯಿತ್ತು. ಕಂದು ಜಿಗಿಹುಳು ಭತ್ತದ ಬುಡದಲ್ಲಿ ಕುಳಿತು ರಸ ಹೀರುತ್ತದೆ. ಸಂಖ್ಯೆ ಹೆಚ್ಚಾದಾಗ ಗದ್ದೆಯ ನಡುವೆ ವೃತ್ತಾಕಾರದಲ್ಲಿ ಪೈರು ಒಣಗಿ ಸುಟ್ಟಂತೆ ಕಾಣುತ್ತದೆ. ಹಸಿರು ಕ್ರಾಂತಿಗೆ ಮೊದಲು ಉಷ್ಣವಲಯದ ಏಷ್ಯಾದಲ್ಲಿ ಇದು ಅಷ್ಟೇನೂ ಮುಖ್ಯವಲ್ಲದ ಕೀಟವಾಗಿತ್ತು. 1970ರ ದಶಕದಲ್ಲಿ ಫಿಲಿಪೀನ್ಸ್, ಇಂಡೊನೇಷ್ಯಾ ಮತ್ತು ಭಾರತದ ಕೆಲವು ಭಾಗಗಳಲ್ಲಿ ಇದು ದೊಡ್ಡ ಪೀಡೆಯಾಯಿತು. ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯುವುದು, ಸಾರಜನಕ ಗೊಬ್ಬರದ ಅತಿಬಳಕೆ ಮತ್ತು ತಳಿಗಳ ನಿರೋಧಕ ಗುಣ ಮುರಿದು ಬೀಳುವುದು ಸಹ ಕಾರಣಗಳಾಗಿದ್ದವು. ಆದರೆ ಕೀಟನಾಶಕ ಬಳಸಿದ ಗದ್ದೆಗಳಲ್ಲಿಯೇ ಬಾಧೆ ಹೆಚ್ಚು ಎಂಬ ಅಂಶ ಸಂಶೋಧಕರ ಗಮನ ಸೆಳೆಯಿತು.

ಇದರ ವಿವರಣೆ ಕೀಟದ ಜೀವನಕ್ರಮದಲ್ಲಿದೆ. ಜಿಗಿಹುಳು ತನ್ನ ಮೊಟ್ಟೆಗಳನ್ನು ಭತ್ತದ ಎಲೆಕವಚದ ಅಂಗಾಂಶದೊಳಗೆ ಇಡುತ್ತದೆ. ಅಲ್ಲಿಗೆ ಸಿಂಪಡಣೆ ತಲುಪುವುದಿಲ್ಲ. ಆ ಮೊಟ್ಟೆಗಳನ್ನು ಹುಡುಕಿ ರಸ ಹೀರುವ ಸಿರ್ಟೋರೈನಸ್ ಎಂಬ ಹಸಿರು ಮಿರಿಡ್ ತಿಗಣೆ, ನೀರಿನ ಮೇಲೆ ಓಡಾಡುವ ಸಣ್ಣ ವೀಲಿಡ್ ತಿಗಣೆಗಳು ಮತ್ತು ಬುಡದಲ್ಲಿ ಬೇಟೆಯಾಡುವ ತೋಳಜೇಡಗಳು ಮಾತ್ರ ಸಾಯುತ್ತವೆ. ಕೆಲವು ದಿನಗಳಲ್ಲಿ ಮೊಟ್ಟೆಗಳು ಒಡೆದಾಗ ಮರಿಗಳಿಗೆ ಶತ್ರುಗಳೇ ಇರುವುದಿಲ್ಲ. ಫಿಲಿಪೀನ್ಸ್‌ನಲ್ಲಿ ಪೀಟರ್ ಕೆನ್ಮೋರ್ ಮತ್ತು ಸಂಗಡಿಗರು ರೈತರ ಗದ್ದೆಗಳಲ್ಲಿ ನಡೆಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನವು, ಜಿಗಿಹುಳುವಿನ ಸಂಖ್ಯೆಯನ್ನು ಸ್ವಾಭಾವಿಕ ಶತ್ರುಗಳೇ ಹಿಡಿದಿಟ್ಟಿವೆ ಎಂದು ತೋರಿಸಿತು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಪ್ರಯೋಗಗಳು ಇನ್ನೊಂದು ಕಾರಣವನ್ನೂ ಸೂಚಿಸಿದವು. ಡೆಲ್ಟಾಮೆಥ್ರಿನ್, ಮೀಥೈಲ್ ಪ್ಯಾರಾಥಿಯಾನ್ ಮುಂತಾದ ಕೆಲವು ವಿಷಗಳ ಸೌಮ್ಯ ಪ್ರಮಾಣವು ಬದುಕುಳಿದ ಜಿಗಿಹುಳುಗಳ ಸಂತಾನೋತ್ಪತ್ತಿಯನ್ನೇ ಹೆಚ್ಚಿಸುತ್ತಿತ್ತು. ಹಾಗಾಗಿ ಮರುಕಳಿಕೆಯ ಹೊಣೆಯನ್ನೆಲ್ಲ ಪರಭಕ್ಷಕಗಳ ನಾಶದ ಮೇಲೆಯೇ ಹೊರಿಸುವುದು ಸರಿಯಲ್ಲ.

ಇಂಡೊನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿತ್ತು. ಅಲ್ಲಿನ ಸರ್ಕಾರ ಕೀಟನಾಶಕಗಳಿಗೆ ಭಾರಿ ಸಹಾಯಧನ ನೀಡುತ್ತಿತ್ತು, ಬೆಲೆಯ ಬಹುಪಾಲನ್ನು ಸರ್ಕಾರವೇ ಭರಿಸುತ್ತಿತ್ತು. 1985-86ರಲ್ಲಿ ಜಾವಾದಲ್ಲಿ ಜಿಗಿಹುಳು ಮತ್ತೆ ಉಲ್ಬಣಿಸಿ ಆ ಸ್ವಾವಲಂಬನೆಗೇ ಅಪಾಯ ಬಂದಾಗ, ಅಧ್ಯಕ್ಷ ಸುಹಾರ್ತೊ 1986ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶವು 57 ಕೀಟನಾಶಕ ಉತ್ಪನ್ನಗಳನ್ನು ಭತ್ತದಲ್ಲಿ ಬಳಸುವುದನ್ನು ನಿಷೇಧಿಸಿತು. 1989ರ ಹೊತ್ತಿಗೆ ಸಹಾಯಧನವನ್ನೂ ಸಂಪೂರ್ಣವಾಗಿ ತೆಗೆದುಹಾಕಲಾಯಿತು. ಕೀಟನಾಶಕದ ಬಳಕೆ ತೀವ್ರವಾಗಿ ಇಳಿದರೂ ಭತ್ತದ ಉತ್ಪಾದನೆ ಇಳಿಯಲಿಲ್ಲ. ರೈತರು ಗದ್ದೆಗಿಳಿದು ಪೀಡೆ ಮತ್ತು ಪರಭಕ್ಷಕಗಳನ್ನು ತಾವೇ ಎಣಿಸಿ ತೀರ್ಮಾನ ಕೈಗೊಳ್ಳುವುದನ್ನು ಕಲಿಸಿದ ರೈತ ಕ್ಷೇತ್ರ ಪಾಠಶಾಲೆಗಳು ಇಲ್ಲಿಯೇ ರೂಪುಗೊಂಡು ನಂತರ ಭಾರತವೂ ಸೇರಿದಂತೆ ಅನೇಕ ದೇಶಗಳಿಗೆ ಹರಡಿದವು.

ಜಾವಾದಲ್ಲಿ ವಿಲಿಯಂ ಸೆಟಲ್ ಮತ್ತು ಸಂಗಡಿಗರು ನಡೆಸಿ 1996ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಇನ್ನಷ್ಟು ಆಳವಾದ ವಿವರಣೆ ನೀಡಿತು. ನಾಟಿಯಾದ ಹೊಸತರಲ್ಲಿ, ಪೀಡೆಗಳು ಇನ್ನೂ ಬಂದಿಲ್ಲದಿರುವಾಗಲೇ, ಗದ್ದೆಯಲ್ಲಿ ಪರಭಕ್ಷಕಗಳು ಹೇರಳವಾಗಿದ್ದವು. ಅವು ಕೊಳೆತ ಸಾವಯವ ಪದಾರ್ಥವನ್ನು ತಿಂದು ಬೆಳೆಯುವ ಸ್ಪ್ರಿಂಗ್‌ಟೇಲ್‌ಗಳು ಮತ್ತು ಕೆಸರಿನ ನೀರಿನಲ್ಲಿ ಹುಟ್ಟುವ ಕಚ್ಚದ ಸಣ್ಣ ನೊಣಗಳಂತಹ ನಿರುಪದ್ರವಿ ಜೀವಿಗಳನ್ನು ತಿಂದು ಬದುಕುತ್ತಿದ್ದವು. ಪೀಡೆ ಬರುವ ವೇಳೆಗೆ ಕಾವಲು ಪಡೆ ಸಿದ್ಧವಾಗಿರುತ್ತಿತ್ತು. ನಾಟಿ ಮಾಡಿದ ಮೊದಲ ವಾರಗಳಲ್ಲಿ ಮುನ್ನೆಚ್ಚರಿಕೆಯೆಂದು ಮಾಡುವ ಸಿಂಪಡಣೆಯು ಈ ಆಹಾರಸರಪಳಿಯ ಬುಡವನ್ನೇ ಕಡಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗಗಳಲ್ಲಿ ಕಂದು ಜಿಗಿಹುಳು ಇಂದಿಗೂ ಭತ್ತದ ಪ್ರಮುಖ ಪೀಡೆಯಾಗಿರುವುದರಿಂದ ಈ ಸಂಶೋಧನೆ ಕರ್ನಾಟಕದ ರೈತರಿಗೂ ನೇರವಾಗಿ ಸಂಬಂಧಿಸಿದ್ದು.

ಕರ್ನಾಟಕದ ಅನುಭವ

2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಕಾಣಿಸಿಕೊಂಡ ಕಬ್ಬಿನ ಬಿಳಿ ಉಣ್ಣೆ ಹೇನು ಅದೇ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಬ್ಬಿನ ಗದ್ದೆಗಳಿಗೆ ಹಬ್ಬಿತು. ಅದುವರೆಗೆ ಭಾರತದಲ್ಲಿ ಇದು ಮುಖ್ಯವಾಗಿ ಈಶಾನ್ಯ ರಾಜ್ಯಗಳಿಗೆ ಸೀಮಿತವಾಗಿತ್ತು. ಎಲೆಯ ತಳಭಾಗವೆಲ್ಲ ಬಿಳಿ ಹತ್ತಿಯಂತೆ ಮುಚ್ಚಿ, ಅದರ ಸಿಹಿ ಸ್ರಾವದ ಮೇಲೆ ಕಪ್ಪು ಬೂಷ್ಟು ಬೆಳೆದು ಕೆಳಗಿನ ಎಲೆಗಳೆಲ್ಲ ಮಸಿ ಬಳಿದಂತಾಗುತ್ತಿದ್ದವು. ಗಾಬರಿಗೊಂಡ ರೈತರು ಕ್ಲೋರ್‌ಪೈರಿಫಾಸ್‌ನಂತಹ ಕೀಟನಾಶಕಗಳನ್ನು ವ್ಯಾಪಕವಾಗಿ ಸಿಂಪಡಿಸಿದರು. ಆಳೆತ್ತರ ಬೆಳೆದು ಒಂದಕ್ಕೊಂದು ಹೆಣೆದುಕೊಂಡ ಕಬ್ಬಿನೊಳಗೆ ನುಗ್ಗಿ ಎಲೆಯ ತಳಭಾಗಕ್ಕೆ ಸಿಂಪಡಿಸುವುದು ಸಿಂಪಡಿಸುವವರಿಗೇ ಅಪಾಯಕಾರಿ ಕೆಲಸವಾಗಿತ್ತು. ಹೇನಿನ ಮೇಲಿನ ಮೇಣದ ಎಳೆಗಳಿಂದಾಗಿ ಔಷಧವೂ ಸರಿಯಾಗಿ ತಾಗುತ್ತಿರಲಿಲ್ಲ.

ಆದರೆ ಹೇನಿನ ಹಿಂದೆಯೇ ಅದರ ಶತ್ರುಗಳೂ ಗದ್ದೆಗಳಲ್ಲಿ ಕಾಣಿಸಿಕೊಂಡವು. ಡೈಫಾ ಅಫಿಡಿವೋರ ಎಂಬ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಇಗೊರೋಟಸ್ ಎಂಬ ಕಂದು ಜಾಲರೆಕ್ಕೆಯ ಕೀಟ ಇವುಗಳಲ್ಲಿ ಪ್ರಮುಖವಾದವು. ಮರಿಹುಳುವೆಂದರೆ ಎಲೆ ತಿನ್ನುವ ಪೀಡೆ ಎಂಬ ಸಾಮಾನ್ಯ ತಿಳಿವಳಿಕೆಗೆ ಡೈಫಾ ಒಂದು ಅಪವಾದ. ಅದು ಹೇನುಗಳ ನಡುವೆ ರೇಷ್ಮೆಯ ಬಲೆ ನೇಯ್ದು ಒಳಗಿನಿಂದಲೇ ಅವನ್ನು ತಿನ್ನುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯದ ವಿಜ್ಞಾನಿಗಳು ಇವುಗಳನ್ನು ಅಧ್ಯಯನ ಮಾಡಿ, ಪರಭಕ್ಷಕಗಳಿರುವ ಗದ್ದೆಗಳಲ್ಲಿ ಸಿಂಪಡಣೆ ನಿಲ್ಲಿಸುವಂತೆ, ಇಲ್ಲದ ಗದ್ದೆಗಳಿಗೆ ಬೇರೆಡೆಯಿಂದ ಅವುಗಳನ್ನು ತಂದು ಬಿಡುವಂತೆ ಸಲಹೆ ನೀಡಿದರು. ಮುಂದಿನ ವರ್ಷಗಳಲ್ಲಿ ಈಶಾನ್ಯದಿಂದ ತಂದ ಎನ್‌ಕಾರ್ಸಿಯ ಎಂಬ ಪರತಂತ್ರ ಕಣಜವೂ ಇವುಗಳ ಜೊತೆ ಸೇರಿತು. ಪೀಡೆ ಇಳಿದದ್ದು ಮುಖ್ಯವಾಗಿ ಈ ಜೀವಿಗಳಿಂದ. ಮೇಲೆ ಹೇಳಿದ ನಿರ್ದೇಶನಾಲಯವು ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂಬ ಹೆಸರಿನಲ್ಲಿ ಹೆಬ್ಬಾಳದಲ್ಲಿದೆ.

ಕಾಫಿ ಮತ್ತು ದ್ರಾಕ್ಷಿಯಲ್ಲಿ ಹಿಟ್ಟು ತಿಗಣೆಯ ವಿರುದ್ಧ ಬಿಡುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು 1898ರಲ್ಲಿ ಭಾರತಕ್ಕೆ ಬಂದದ್ದು. ಇದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿದ್ದು, ನೋಡಲು ಅದು ದೊಡ್ಡ ಹಿಟ್ಟು ತಿಗಣೆಯಂತೆಯೇ ಇರುತ್ತದೆ. ಪೀಡೆ ಮತ್ತಷ್ಟು ಬೆಳೆದಿದೆಯೆಂದು ತಪ್ಪು ತಿಳಿದು ಈ ಮರಿಗಳ ಮೇಲೆಯೇ ಔಷಧ ಹೊಡೆಯುವ ಸಂಭವವಿದೆ. ಕಾಫಿ ತೋಟಗಳಲ್ಲಿ ಇರುವೆಗಳು ಸಿಹಿ ಸ್ರಾವಕ್ಕಾಗಿ ಹಿಟ್ಟು ತಿಗಣೆಯನ್ನು ಕಾಯುತ್ತ ಪರಭಕ್ಷಕಗಳನ್ನು ಓಡಿಸುತ್ತವೆ. ಗಿಡಕ್ಕೆಲ್ಲ ಸಿಂಪಡಿಸುವ ಬದಲು ಬುಡದ ಸುತ್ತ ಮಾತ್ರ ಪುಡಿ ಉದುರಿಸಿ ಇರುವೆಗಳನ್ನು ತಡೆಯುವ ಕ್ರಮದಲ್ಲಿ, ಮೇಲಿನ ಕೊಂಬೆಗಳಲ್ಲಿರುವ ದುಂಬಿಗೆ ವಿಷ ತಗಲುವುದಿಲ್ಲ. ಅದೇ ರಾಸಾಯನಿಕ, ಬಳಸುವ ಜಾಗ ಮಾತ್ರ ಬೇರೆ.

ಎಂಡೋಸಲ್ಫಾನ್‌ನ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಉಪಕಾರಿ ಕೀಟಗಳಿಗೆ ಇತರ ಅನೇಕ ಕೀಟನಾಶಕಗಳಿಗಿಂತ ಕಡಿಮೆ ಹಾನಿಕರ ಎಂಬ ಕಾರಣದಿಂದ ಅದನ್ನು ಒಂದು ಕಾಲಕ್ಕೆ ಸಮಗ್ರ ಪೀಡೆ ನಿರ್ವಹಣೆಗೆ ಸೂಕ್ತವೆಂದು ಪರಿಗಣಿಸಲಾಗಿತ್ತು. ಅದನ್ನು ತಾಳಿಕೊಳ್ಳುವ ಟ್ರೈಕೋಗ್ರಾಮ ಕಣಜದ ತಳಿಯನ್ನೂ ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಲಾಗಿತ್ತು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಅದೇ ವಿಷವು ಸುತ್ತಲಿನ ಜನರ ಆರೋಗ್ಯದ ದುರಂತದೊಂದಿಗೆ ಹೆಸರಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದರ ತಯಾರಿಕೆ ಮತ್ತು ಬಳಕೆಯನ್ನು ನಿಷೇಧಿಸಿತು.

ಅಂತರ್ವ್ಯಾಪಿ ಕೀಟನಾಶಕಗಳು

ಗಿಡದ ರಸದಲ್ಲಿ ಸೇರಿ ಎಲ್ಲ ಭಾಗಗಳಿಗೂ ಹರಡುವ ನಿಯೋನಿಕೋಟಿನಾಯ್ಡ್‌ಗಳಂತಹ ಕೀಟನಾಶಕಗಳು ಎಲೆಯ ಮೇಲೆ ಬೀಳುವುದಿಲ್ಲವಾದ್ದರಿಂದ, ವಿಶೇಷವಾಗಿ ಬೀಜೋಪಚಾರದಲ್ಲಿ ಬಳಸಿದಾಗ, ಪರಭಕ್ಷಕಗಳಿಗೆ ತೊಂದರೆ ಕೊಡುವುದಿಲ್ಲವೆಂಬ ನಿರೀಕ್ಷೆಯಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದ ಸೋಯಾ ಹೊಲಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸುಳ್ಳಾಗಿಸಿತು. ಥಯಾಮೆಥೋಕ್ಸಾಮ್ ಲೇಪಿಸಿದ ಬೀಜದಿಂದ ಬೆಳೆದ ಸಸಿಗಳನ್ನು ಗೊಂಡೆಹುಳುಗಳು ತಿಂದವು. ಅವು ಮೃದ್ವಂಗಿಗಳಾದ್ದರಿಂದ ಆ ವಿಷದಿಂದ ಅವುಗಳಿಗೆ ಏನೂ ಆಗಲಿಲ್ಲ. ಆದರೆ ಗೊಂಡೆಹುಳುಗಳನ್ನು ತಿಂದ ನೆಲದ ದುಂಬಿಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ಸತ್ತವು ಅಥವಾ ನಿಷ್ಕ್ರಿಯವಾದವು. ಗೊಂಡೆಹುಳುಗಳು ಹೆಚ್ಚಿ ಸೋಯಾ ಇಳುವರಿ ಶೇಕಡಾ 5ರಷ್ಟು ಇಳಿಯಿತು.

ಸ್ಪೇನ್‌ನಲ್ಲಿ ಕಿತ್ತಳೆ ಜಾತಿಯ ಗಿಡಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಇಂತಹ ವಿಷ ಪಡೆದ ಗಿಡದ ರಸ ಹೀರಿದ ಹಿಟ್ಟು ತಿಗಣೆಗಳ ಸಿಹಿ ಸ್ರಾವದಲ್ಲಿಯೂ ವಿಷವಿರುವುದು ಪತ್ತೆಯಾಯಿತು. ಆ ಸ್ರಾವವನ್ನು ಕುಡಿದ ಸಿರ್ಫಿಡ್ ನೊಣಗಳು ಸತ್ತವು. ಅನೇಕ ಪರಭಕ್ಷಕ ಕೀಟಗಳು ಬೇಟೆ ಸಿಗದಿದ್ದಾಗ ಸಿಹಿ ಸ್ರಾವ ಮತ್ತು ಮಕರಂದಗಳಿಂದಲೇ ಬದುಕುವುದರಿಂದ ಈ ದಾರಿ ಸಣ್ಣದಲ್ಲ.

ಅಳತೆ ಮತ್ತು ಲೇಬಲ್

ಅಂತರರಾಷ್ಟ್ರೀಯ ಜೈವಿಕ ನಿಯಂತ್ರಣ ಸಂಘಟನೆಯ ಕಾರ್ಯತಂಡವೊಂದು 1970ರ ದಶಕದಿಂದ ಕೀಟನಾಶಕಗಳನ್ನು ಉಪಕಾರಿ ಜೀವಿಗಳ ಮೇಲೆ ಪರೀಕ್ಷಿಸುವ ಕ್ರಮಬದ್ಧ ವಿಧಾನಗಳನ್ನು ರೂಪಿಸಿದೆ. ಪ್ರಯೋಗಾಲಯದಲ್ಲಿ ಶೇಕಡಾ 30ಕ್ಕಿಂತ ಕಡಿಮೆ ಹಾನಿ ಮಾಡುವುದನ್ನು ನಿರಪಾಯಕಾರಿ ಎಂದೂ, ಶೇಕಡಾ 99ಕ್ಕಿಂತ ಹೆಚ್ಚು ಹಾನಿ ಮಾಡುವುದನ್ನು ಅಪಾಯಕಾರಿ ಎಂದೂ, ನಡುವಿನದನ್ನು ಎರಡು ದರ್ಜೆಗಳಾಗಿಯೂ ವರ್ಗೀಕರಿಸಲಾಗುತ್ತದೆ. ಪ್ರಯೋಗಾಲಯದಲ್ಲಿ ನಿರಪಾಯಕಾರಿ ಎನಿಸಿದ್ದನ್ನು ಹೊಲದಲ್ಲಿ ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ, ಅಪಾಯಕಾರಿ ಎನಿಸಿದ್ದನ್ನು ಮಾತ್ರ ಹೊಲದ ನೈಜ ಸ್ಥಿತಿಯಲ್ಲಿ ಮತ್ತೆ ಪರೀಕ್ಷಿಸಬೇಕು ಎಂಬುದು ಈ ವಿಧಾನದ ತರ್ಕ. ಪೈರಿಪ್ರಾಕ್ಸಿಫೆನ್‌ನಂತಹ ಉದಾಹರಣೆಗಳನ್ನು ನೋಡಿದರೆ, ಯಾವ ಜೀವಿಯ ಯಾವ ಹಂತವನ್ನು ಪರೀಕ್ಷೆಗೆ ಆರಿಸಲಾಯಿತು ಎಂಬುದರ ಮೇಲೆ ಈ ತರ್ಕದ ಬಲ ನಿಂತಿದೆ.

ಭಾರತದಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನವಿರುತ್ತದೆ. ಇದು ಸಸ್ತನಿಗಳಿಗೆ, ಅಂದರೆ ಮನುಷ್ಯ ಮತ್ತು ಜಾನುವಾರುಗಳಿಗೆ, ಆ ವಿಷ ಎಷ್ಟು ತೀವ್ರ ಎಂಬುದನ್ನು ಮಾತ್ರ ಸೂಚಿಸುತ್ತದೆ. ಹಸಿರು ತ್ರಿಕೋನವಿರುವ ಔಷಧ ಗುಲಗಂಜಿ ಹುಳುವಿಗೆ ಮಾರಕವಾಗಿರಬಹುದು. ಈ ವ್ಯತ್ಯಾಸ ಮಾರಾಟ ಮಳಿಗೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ.

ಹಾನಿ ತಗ್ಗಿಸುವ ಕ್ರಮಗಳು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟರ್ನ್, ಸ್ಮಿತ್, ವಾನ್ ಡೆನ್ ಬಾಷ್ ಮತ್ತು ಹೇಗನ್ 1959ರಲ್ಲಿ ಪ್ರಕಟಿಸಿದ ಲೇಖನವು ರಾಸಾಯನಿಕ ಮತ್ತು ಜೈವಿಕ ನಿಯಂತ್ರಣಗಳನ್ನು ಒಂದಕ್ಕೊಂದು ಪೂರಕವಾಗಿ ಬಳಸುವ ಚಿಂತನೆಗೆ ಅಡಿಪಾಯ ಹಾಕಿತು. ಪೀಡೆಯು ಆರ್ಥಿಕ ಹಾನಿಯ ಮಟ್ಟ ತಲುಪುವ ಮುನ್ನ ಸಿಂಪಡಿಸಬಾರದು ಎಂಬ ನಿಯಮ ಅಲ್ಲಿಂದ ಬಂದದ್ದು. ಭತ್ತದಲ್ಲಿ ಈ ಮಟ್ಟವನ್ನು ನಿರ್ಧರಿಸುವಾಗ ಪೀಡೆಯ ಸಂಖ್ಯೆಯ ಜೊತೆಗೆ ಜೇಡ ಮತ್ತು ಮಿರಿಡ್ ತಿಗಣೆಗಳ ಸಂಖ್ಯೆಯನ್ನೂ ಎಣಿಸಲಾಗುತ್ತದೆ. ಜೇಡಗಳು ಸಾಕಷ್ಟಿದ್ದರೆ ಹೆಚ್ಚಿನ ಜಿಗಿಹುಳುಗಳನ್ನೂ ಸಹಿಸಬಹುದು.

ಪೀಡೆಯ ಗುಂಪಿಗಷ್ಟೇ ನಾಟುವ ಔಷಧಗಳನ್ನು ಆರಿಸುವುದು, ಬಾಧೆ ಇರುವ ಭಾಗಕ್ಕೆ ಮಾತ್ರ ಸಿಂಪಡಿಸುವುದು, ಬದುಗಳಲ್ಲಿ ಹೂಬಿಡುವ ಗಿಡಗಳನ್ನು ಉಳಿಸಿ ಪರಭಕ್ಷಕಗಳಿಗೆ ಆಶ್ರಯ ಒದಗಿಸುವುದು ಮುಂತಾದವು ರೂಢಿಯಲ್ಲಿರುವ ಇತರ ಕ್ರಮಗಳು. ಬೆಳೆಗಳಲ್ಲಿ ಸಾಮಾನ್ಯವಾಗಿ ಬಳಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಆಧಾರಿತ ಔಷಧಗಳು ಮುಖ್ಯವಾಗಿ ಮರಿಹುಳುಗಳಿಗೆ ನಾಟುವುದರಿಂದ ದುಂಬಿ ಮತ್ತು ಜಾಲರೆಕ್ಕೆಯ ಕೀಟಗಳಿಗೆ ಅಪಾಯ ಕಡಿಮೆ. ಆದರೆ ಕಬ್ಬಿನಲ್ಲಿ ಉಪಕಾರಿಯಾದ ಡೈಫಾ ಸಹ ಮರಿಹುಳುವೇ ಆದ್ದರಿಂದ ಅಲ್ಲಿ ಈ ಭರವಸೆ ಅನ್ವಯಿಸುವುದಿಲ್ಲ. ಬೇವಿನ ಔಷಧಗಳು ಪರಭಕ್ಷಕಗಳಿಗೆ ಸಾಮಾನ್ಯವಾಗಿ ಕಡಿಮೆ ಹಾನಿ ಮಾಡುತ್ತವೆ. ಅವುಗಳೂ ಕೀಟದ ಬೆಳವಣಿಗೆಯನ್ನು ತಡೆಯುವ ಗುಣ ಹೊಂದಿರುವುದರಿಂದ, ಗುಲಗಂಜಿ ಹುಳುವಿನ ಮರಿಗಳು ಹೆಚ್ಚಾಗಿರುವ ಸಮಯದಲ್ಲಿ ಅವುಗಳ ಸಿಂಪಡಣೆಯನ್ನೂ ಮುಂದೂಡುವುದು ಲೇಸು.